ತಳಮಳರೇಖೆ

ಹಿತಶ್ರಾವಕ ಎಂಬ ಕಿವಿಯಂತ್ರವು ಆ ಮಧ್ಯಾಹ್ನ ಹನ್ನೊಂದನೆಯ ಕೇಳುಗನ ಕಿವಿಯ ಮೇಲೆ ಕುಳಿತು ಕೆಲಸ ಮಾಡುತ್ತಿತ್ತು. ಮಣಿಕಟ್ಟಿನ ಪಟ್ಟಿ ನಾಡಿ, ಬೆವರು, ಉಸಿರುಗಳನ್ನು ಅಳೆಯುತ್ತದೆ. ಅವು ಏರಿದರೆ ಪರದೆಯ ಮೇಲೆ ತಳಮಳರೇಖೆ ಏರುತ್ತದೆ. ರೇಖೆ ಮಿತಿ ದಾಟಿದ ಕ್ಷಣವೇ ಯಂತ್ರ ಆ ಭಾಗದ ಸಂಗೀತವನ್ನು ಕತ್ತರಿಸಿ, ಹೊಲಿಗೆ ಕಾಣದಂತೆ ಎರಡು ತುದಿಗಳನ್ನು ಕೂಡಿಸುತ್ತದೆ. ಏನೋ ಹೋಯಿತೆಂದು ಕೇಳುಗನಿಗೆ ತಿಳಿಯುವುದೇ ಇಲ್ಲ.

ಐವತ್ತೆರಡು ನಿಮಿಷದ ಆಲ್ಬಮ್ ಈ ಯುವಕನಿಗೆ ನಲವತ್ತು ಸೆಕೆಂಡಿನಲ್ಲಿ ಮುಗಿಯಿತು.

"ಮಸ್ತ್ ಐತ್ರಿ ಅಣ್ಣಾ. ಆದ್ರ ಭಾಳ ಸಣ್ಣದಾತು," ಎಂದ ಅವನು. ಅವನ ಕುತ್ತಿಗೆಯ ಮೇಲೆ 'ಹುಗಿ' ಬ್ಯಾಂಡಿನ ಹೆಸರಿನ ಹಚ್ಚೆಯಿತ್ತು.

ಆ ಡೆತ್ ಮೆಟಲ್ ಬ್ಯಾಂಡಿಗೆ ರಾಗ ಕಟ್ಟಿ, ಹೊಟ್ಟೆಯಾಳದ ದನಿಯಲ್ಲಿ ಗರ್ಜಿಸುವವನು ದಾದಾಪೀರ್ ನದಾಫ್. ಅವನು ಪರದೆಯನ್ನೇ ನೋಡುತ್ತಿದ್ದ.

"ಮೇಡಂ, ನಿಮ್ಮ ಯಂತ್ರಕ್ಕ ಹೆದರಿಕೀಗೂ ಖುಷಿಗೂ ಫರಕ್ ತಿಳಿಯೂದಿಲ್ಲೇನ್ರಿ?"

"ನಾಡಿ ಎರಡಕ್ಕೂ ಓಡತೈತಲ್ರಿ," ಎಂದರು ಡಾ. ಅನಸೂಯಾ ಹಂಪಿಹೊಳಿ. ಹಿತಶ್ರಾವಕವನ್ನು ರೂಪಿಸಿದವರು ಅವರೇ; ಅದರ ಪರೀಕ್ಷೆ, ದುರಸ್ತಿ ನಡೆಯುವ ಈ ಕೇಂದ್ರವೂ ಅವರದೇ. "ಅದು ನಾಡಿ ನೋಡತೈತಿ. ಮನಸ್ಸು ನೋಡೂದಿಲ್ಲ."

"ಮಿತಿ ಒಂಚೂರು ಏರಸ್ರಿ."

"ಅದಕ್ಕ ಮೊಹರು ಹಾಕ್ಯಾರ. ನನಗೂ ಬರೂದಿಲ್ಲ."

'ಹಸಿಮಣ್ಣು' ಎಂಬ ಆ ಆಲ್ಬಮ್ ಬಿಡುಗಡೆಯಾಗಿ ಅಂದಿಗೆ ಮೂವತ್ತು ದಿನ. ಕೇಳುಗರ ಅಭಿಪ್ರಾಯಗಳು ಸಾವಿರಗಟ್ಟಲೆ ಬಂದಿದ್ದವು. ಒಬ್ಬರು ಹಿತವಾದ ತಂಬೂರಿ ಎಂದು ಬರೆದಿದ್ದರು. ಇನ್ನೊಬ್ಬರು ಬರೀ ಡ್ರಮ್ ಎಂದಿದ್ದರು. ಹಾಡುವವನೇ ಇಲ್ಲವೆಂದು ಮೂರನೆಯವರ ದೂರು. ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಬೈದುಕೊಂಡಿದ್ದರು. ಎಲ್ಲರೂ ನಿಜವನ್ನೇ ಹೇಳಿದ್ದರು. ಯಾರಿಗೆ ಹೆಚ್ಚು ಇಷ್ಟವಾಯಿತೋ ಅವರಿಗೆ ಕಡಿಮೆ ಕೇಳಿಸಿತ್ತು.

ನಾಡಿನ ಎಲ್ಲ ಸಂಗೀತವನ್ನೂ ಇಟ್ಟುಕೊಳ್ಳುವ ಸಂಗೀತಭಂಡಾರವು ಸಂಜೆ ಐದಕ್ಕೆ ಎಲ್ಲರ ಪ್ರತಿಗಳ ಸರಾಸರಿಯನ್ನು 'ಲೋಕಪಾಠ' ಎಂದು ಇಟ್ಟುಕೊಂಡು ಮೂಲವನ್ನು ಅಳಿಸಲಿತ್ತು. ಸರಾಸರಿ ನಾಲ್ಕು ನಿಮಿಷ. ಭಂಡಾರದ ಹೊರಗಿನ ಸಂಗೀತವನ್ನು ನುಡಿಸುವ ಯಂತ್ರ ಈಗ ಯಾರ ಮನೆಯಲ್ಲೂ ಇರಲಿಲ್ಲ. ಉಳಿಯಲು ದಾರಿ ಒಂದೇ: ಯಾರಾದರೂ ಒಬ್ಬರು ಆಲ್ಬಮನ್ನು ಒಂದು ಕ್ಷಣವೂ ಕತ್ತರಿಸದಂತೆ ಕೇಳಬೇಕು. ಅದಕ್ಕೆ ಪೂರ್ಣಶ್ರವಣ ಎಂದು ಹೆಸರು. ಆಗ ಮೂಲ ಶಾಶ್ವತವಾಗಿ ಉಳಿಯುತ್ತದೆ.

ಮೂರೂ ಮುಕ್ಕಾಲಿಗೆ ಖಾಕಿ ಸೀರೆಯ ಹೆಂಗಸೊಬ್ಬಳು ಒಳಗೆ ಬಂದು ತನ್ನ ಹಿತಶ್ರಾವಕವನ್ನು ಮೇಜಿನ ಮೇಲಿಟ್ಟಳು. ಸಿಟಿ ಬಸ್ಸಿನ ಕಂಡಕ್ಟರ್ ಶಿವಲೀಲಾ ಬಾರಕೇರ.

"ಇದು ಸತ್ತೈತ್ರಿ. ಮದುವಿ ಹಾಡು ಹಚ್ಚಿದ್ರೂ ಗೆರಿ ಮ್ಯಾಲೇಳೂದಿಲ್ಲ, ಶೋಕದ ಹಾಡು ಹಚ್ಚಿದ್ರೂ ಏಳೂದಿಲ್ಲ. ಚೊಲೋದು ಕೊಡ್ರಿ."

ಅನಸೂಯಾ ಪರೀಕ್ಷಿಸಿದರು. ಎರಡು ಸಲ ಪರೀಕ್ಷಿಸಿದರು.

"ಯಂತ್ರ ಸರಿ ಐತಿ."

"ಹಂಗಾರ ನಾ ಕೆಟ್ಟೇನಿ ಅನ್ರಿ," ಎಂದು ಶಿವಲೀಲಾ ನಕ್ಕಳು. "ಅಕ್ಕ ಹೋಗಿ ಹದಿನಾಕು ತಿಂಗಳಾತು. ಮಣ್ಣು ಕೊಡುವಾಗೂ ಅಳ್ಲಿಲ್ಲ. ಮಂದಿ ಕಲ್ಲವ್ವ ಅಂದ್ರು."

ದಾದಾಪೀರ್ ಎದ್ದು ನಿಂತ. "ಅಕ್ಕಾರ, ಒಂದು ತಾಸು ಕುಂದರ್ತೀರೇನು?"

ಅವನು ಎಲ್ಲವನ್ನೂ ಹೇಳಿದ. ಅವಳು ಗಡಿಯಾರ ನೋಡಿದಳು. "ಡ್ಯೂಟಿ ಆರಕ್ಕ. ಹಚ್ರಿ."

ಅವಳು ಪಟ್ಟಿ ಕಟ್ಟಿಕೊಂಡು ಯಂತ್ರವನ್ನು ಕಿವಿಗೇರಿಸಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಆಲ್ಬಮ್ ಶುರುವಾಯಿತು.

"ಗೇರ್ ಬಾಕ್ಸ್ ಮುರದಂಗ ಐತಲ್ಲೋ ಯಪ್ಪಾ!" ಎಂದಳು. ರೇಖೆ ಅಲುಗಲಿಲ್ಲ. ಎರಡನೆಯ ಹಾಡಿನಲ್ಲಿ ಅವಳ ಬೆರಳುಗಳು ಮೊಣಕಾಲಿನ ಮೇಲೆ ಸಣ್ಣಗೆ ಎಣಿಸತೊಡಗಿದವು. "ಹದಿನೇಳಕ್ಕೊಮ್ಮಿ ತಿರಗತೈತಿ, ಹೌದಿಲ್ಲೋ?" ದಾದಾಪೀರ್ ಬಗ್ಗಿ ಅವಳ ಬೆರಳುಗಳನ್ನು ನೋಡಿದ. ಆ ಎಣಿಕೆಯನ್ನು ಬ್ಯಾಂಡಿನ ಹೊರಗೆ ಇದುವರೆಗೆ ಯಾರೂ ಹಿಡಿದಿರಲಿಲ್ಲ. ಇಪ್ಪತ್ತು ನಿಮಿಷ. ಮೂವತ್ತೈದು. ಪರದೆಯ ಮೇಲೆ ರೇಖೆ ಸಪಾಟಾಗಿ ಹರಿಯುತ್ತಿತ್ತು. ಅವನು ಕೂರುತ್ತಿದ್ದ, ಏಳುತ್ತಿದ್ದ, ಕಿಟಕಿಯವರೆಗೆ ಹೋಗಿ ಮರಳುತ್ತಿದ್ದ.

ನಲವತ್ತೇಳನೆಯ ನಿಮಿಷದಲ್ಲಿ ಗಿಟಾರುಗಳು ನಿಲ್ಲುತ್ತವೆ. ಗರ್ಜನೆ ಇಳಿಯುತ್ತಾ ಇಳಿಯುತ್ತಾ, ಡ್ರಮ್ಮಿನ ಮೇಲೆ, ಬರೀ ಗೊರಗೊರ ಉಸಿರಾಗುತ್ತದೆ.

ಶಿವಲೀಲಾಳ ಬೆರಳುಗಳು ನಿಂತವು. ರೇಖೆ ನಡುಗಿತು.

"ದಾದಾಪೀರ್," ಅನಸೂಯಾ ಪಿಸುಗುಟ್ಟಿದರು, "ಆಕೀನ ಮಾತಾಡಸ್ರಿ. ನೀರು ಕೊಡ್ರಿ. ಐದು ನಿಮಿಷ ತಡದ್ರ ಸಾಕು."

ಅವನು ಲೋಟ ಹಿಡಿದು ಅವಳ ಎದುರಿಗೆ ಹೋದ. ಅವಳ ಬಾಯಿ ತೆರೆದಿತ್ತು. ಗದ್ದ ಅದುರುತ್ತಿತ್ತು. "ಅಕ್ಕ ಹಿಂಗ ಉಸರ್ ಬಿಡ್ತಿದ್ಲು," ಎಂದಳು ಯಾರಿಗೂ ಅಲ್ಲದಂತೆ. "ಕಡೀ ದಿನ. ಹಿಂಗ."

ದಾದಾಪೀರ್ ಲೋಟವನ್ನು ನೆಲದ ಮೇಲಿಟ್ಟ. ಅವಳಿಂದ ಒಂದು ಹೆಜ್ಜೆ ಹಿಂದೆ ಸರಿದ.

ರೇಖೆ ಮಿತಿ ದಾಟಿತು. ಯಂತ್ರ ಕತ್ತರಿಸಿತು.

ಹೊಲಿಗೆ ಯಾರಿಗೂ ಕಾಣದು ಎಂಬುದು ಅನಸೂಯಾರ ಹನ್ನೆರಡು ವರ್ಷಗಳ ನಂಬಿಕೆಯಾಗಿತ್ತು. ಆದರೆ ನಲವತ್ತೇಳು ನಿಮಿಷ ಎಣಿಸುತ್ತಾ ಬಂದ ಕೇಳುಗರು ಅದುವರೆಗೆ ಯಾರೂ ಇರಲಿಲ್ಲ.

"ಏಯ್! ಹದಿನೇಳು ಆಗೂದ್ರೊಳಗ ಹತ್ತಕ್ಕ ಜಿಗೀತು! ನಡುವಿಂದು ಎಲ್ಲಿ ಹೋತು?" ಅವಳು ಕಿವಿಯಿಂದ ಯಂತ್ರವನ್ನು ಕಿತ್ತಳು. ಕಣ್ಣೀರು ಖಾಕಿಯ ಮೇಲೆ ಬೀಳುತ್ತಿತ್ತು. "ಹಚ್ರಿ ಅದನ್ನ!"

"ಯಂತ್ರ ಒಮ್ಮಿ ಕತ್ತರಿಸಿದ್ದು ಮತ್ತ ಬರೂದಿಲ್ರಿ ತಂಗಿ," ಎಂದರು ಅನಸೂಯಾ.

"ಬರೂದಿಲ್ಲಂದ್ರ?"

ದಾದಾಪೀರ್ ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತ. ಗಿಟಾರಿಲ್ಲ, ಡ್ರಮ್ಮಿಲ್ಲ, ಮೈಕಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಆ ಜಾಗದಿಂದಲೇ ಹಿಡಿದ. ಅವಳು ತೊಡೆ ಬಡಿದು ಎಣಿಕೆ ಕೊಟ್ಟಳು. ಉಸಿರು ಸಾಲದೆ ಅವನು ನಿಂತಾಗ, "ಮುಂದ? ಮುಂದ ಏನೈತಿ?" ಎಂದು ಗದರಿದಳು. ಅವನು ಮತ್ತೆ ಹಿಡಿದ.

ಗಡಿಯಾರ ಐದು ದಾಟಿತು. ಭಂಡಾರ ತನ್ನ ಕೆಲಸ ಮುಗಿಸಿತು.

ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಪರದೆಯ ಮೇಲೆ ತಳಮಳರೇಖೆ ಮೇಲಿನ ಅಂಚನ್ನೂ ಮೀರಿ ಹೋಗಿತ್ತು. ಯಂತ್ರ ಕತ್ತರಿಸಲು ಏನನ್ನೋ ಹುಡುಕುತ್ತಲೇ ಇತ್ತು.