ಉಪ್ಪಾದ ಅಪ್ಪ, ಮೂರು ಹವೆಯ ಚೀಲ

ಮೃಗಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಮೇಘಾವತಿ ಎಂಬ ರಾಜ್ಯವಿತ್ತು. ಒಂದೇ ರಾಜ್ಯ, ಆದರೆ ಉತ್ತರಕ್ಕೆ ವರ್ಷವಿಡೀ ಹಿಮ ಹೊದ್ದ ಪರ್ವತ, ಪಡುವಣಕ್ಕೆ ಕಾದ ಮರಳುಗಾಡು, ಮೂಡಣಕ್ಕೆ ಆರು ತಿಂಗಳು ಬಿಡದೆ ಮಳೆ ಸುರಿಯುವ ಕಾಡು, ತೆಂಕಣಕ್ಕೆ ಸುಡುಬಿಸಿಲಿನ ಕಡಲತೀರ. ಪರ್ವತದವರು ಕಂಬಳಿ ನೇಯುತ್ತಿದ್ದರು, ಮರಳುಗಾಡಿನವರು ಖರ್ಜೂರ ಬೆಳೆಯುತ್ತಿದ್ದರು, ಕಾಡಿನವರು ಏಲಕ್ಕಿ ಕೊಯ್ಯುತ್ತಿದ್ದರು, ತೀರದವರು ಗದ್ದೆಗೆ ಕಡಲ ನೀರು ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು.

ರಾಜ ಚಂದ್ರಕೇತುವಿಗೆ ಮಾತ್ರ ಇದರಿಂದ ಬೇಸರ. ರಾಜ್ಯ ಸುತ್ತಲು ಹೊರಟರೆ ಒಂದು ಕಡೆ ನೆಗಡಿ, ಇನ್ನೊಂದು ಕಡೆ ಬೆವರುಸಾಲೆ, ಮತ್ತೊಂದು ಕಡೆ ಒಣಗದ ಪಂಚೆ. "ಎಲ್ಲ ಕಡೆ ಒಂದೇ ಹವೆ ಇದ್ದರೆ ಎಷ್ಟು ಚೆನ್ನ" ಎಂದು ತುಂಬಿದ ಸಭೆಯಲ್ಲಿ ಅಂದುಬಿಟ್ಟ.

ಸಮಸಿದ್ಧನೆಂಬ ಮಾಂತ್ರಿಕ ಅದನ್ನು ಕೇಳಿಸಿಕೊಂಡ. ಮೂರು ಸಲ ಚಿಟಿಕೆ ಹೊಡೆದ. ಪರ್ವತದ ಚಳಿ, ಮರಳುಗಾಡಿನ ಮತ್ತು ತೀರದ ಬಿಸಿಲು, ಕಾಡಿನ ಮಳೆ ಮೂರು ತೊಗಲುಚೀಲ ಸೇರಿದವು. ಅವನ್ನು ಪರ್ವತ, ಮರಳುಗಾಡು, ಕಾಡಿನ ಮೂರು ಮೃಗಗಳ ಕೊರಳಿಗೆ ಕಟ್ಟಿ ಅಲ್ಲಲ್ಲೇ ಕಾವಲಿಗೆ ನಿಲ್ಲಿಸಿದ. ಅಂದಿನಿಂದ ರಾಜ್ಯದ ತುಂಬ ಒಂದೇ ಮಬ್ಬು, ಒಂದೇ ತೇವ, ಒಂದೇ ಉಗುರುಬೆಚ್ಚಗಿನ ಗಾಳಿ. ಮೊದಲ ವಾರ ರಾಜ ಹಿಗ್ಗಿದ. ಎರಡನೆಯ ವಾರ ಸಿಂಹಾಸನದ ಪಕ್ಕದಲ್ಲಿ ಸಮಸಿದ್ಧನಿಗೊಂದು ಆಸನ ಬಂತು. ಮೂರನೆಯ ವಾರ ಆ ಪಕ್ಕದ ಆಸನದಲ್ಲಿ ರಾಜ ಕೂತಿದ್ದ.

ತೀರದಲ್ಲಿ ಉಪ್ಪು ಕಟ್ಟಲಿಲ್ಲ. ಉಪ್ಪಿನ ಗದ್ದೆಯ ಬೊಮ್ಮಯ್ಯ ಅರಮನೆಗೆ ಬಂದು, "ಒಡೆಯಾ, ನಮ್ಮ ಬಿಸಿಲು ನಮಗೆ ಬೇಕು" ಎಂದ.

"ಉಪ್ಪು ಉಪ್ಪು ಅಂತ ಬಾಯಿ ಬಡಿದುಕೊಳ್ಳುತ್ತೀಯಲ್ಲ, ನೀನೇ ಉಪ್ಪಾಗು" ಎಂದ ಸಮಸಿದ್ಧ. ಬೊಮ್ಮಯ್ಯ ಅಂಗಳದಲ್ಲಿ ನಿಂತಲ್ಲೇ ಉಪ್ಪಿನ ಪ್ರತಿಮೆಯಾದ.

ಮಗಳು ಸೋಮಿ ಓಡಿಬರುವಷ್ಟರಲ್ಲಿ ಆ ತೇವದ ಗಾಳಿಗೆ ಅಪ್ಪನ ಬೆರಳ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ರಾಜ ಕಂಬದ ಮರೆಯಿಂದ ಪಿಸುಗುಟ್ಟಿದ: "ಮೂರು ಚೀಲ ತಂದು ಇಲ್ಲಿ ಬಿಚ್ಚಬೇಕು ತಾಯಿ. ಆಗ ಅವನ ಮಾಟ ಮುರಿಯುತ್ತದೆ. ಇಪ್ಪತ್ತೊಂದು ದಿನಕ್ಕಿಂತ ಹೆಚ್ಚು ನಿನ್ನಪ್ಪ ತಡೆಯಲಾರ."

"ಗೊತ್ತಿದ್ದೂ ನೀವೇ ಯಾಕೆ ಹೋಗಲಿಲ್ಲ ಒಡೆಯಾ?"

"ನನಗೆ ನೆಗಡಿ" ಎಂದ ರಾಜ.

ವರ್ಷದ ಮೊದಲ ಉಪ್ಪಿನಲ್ಲಿ ಪ್ರಾಣಿಗಳ ಪಾಲೆಂದು ಒಂದಿಷ್ಟು ತೆಗೆದಿಡುವುದು ಸೋಮಿಯ ಮನೆಯ ಪದ್ಧತಿ. ತಮ್ಮ ಸಾರು ಸಪ್ಪೆಯಾದರೂ ಆ ಮಡಕೆಗೆ ಮನೆಯವರು ಕೈಹಾಕುವಂತಿಲ್ಲ. ಈಗ ಅದರಲ್ಲಿ ಎರಡೇ ಹಿಡಿ ಉಳಿದಿತ್ತು. ಸೋಮಿ ಅದನ್ನು ಬುಟ್ಟಿಗೆ ಹಾಕಿ, ತಲೆಯ ಮೇಲೆ ಅಜ್ಜಿಯ ಕಾಲದ ಬಟ್ಟೆಯ ಸಿಂಬೆಯಿಟ್ಟು, ಬುಟ್ಟಿ ಹೊತ್ತು ಹೊರಟಳು.

ಪರ್ವತದಲ್ಲಿ ಹಿಮವೇ ಇರಲಿಲ್ಲ. ಮೊಳದುದ್ದ ಕೂದಲಿನ ಚಮರೀಮೃಗ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು.

"ಹತ್ತಿರ ಬಂದರೆ ಕೊಂಬಿನಿಂದ ಎತ್ತಿ ಎಸೆಯುತ್ತೇನೆ."

"ಎಸೆಯಣ್ಣ. ಈ ಸೆಕೆಯಲ್ಲಿ ನಿನಗೇ ಆಯಾಸ. ಕಾವಲಿಗೆ ಏನು ಕೊಡುತ್ತೇನೆಂದ ಸಮಸಿದ್ಧ?"

"ಅಮಾವಾಸ್ಯೆಗೊಂದು ಬುಟ್ಟಿ ಉಪ್ಪು."

"ಕೊಟ್ಟನಾ?"

ಚಮರೀಮೃಗ ಗೊರಸಿನಿಂದ ನೆಲ ಕೆರೆಯಿತು.

"ಬಿಸಿಲನ್ನೇ ಕಟ್ಟಿಹಾಕಿದವನು ಉಪ್ಪು ಎಲ್ಲಿಂದ ತರುತ್ತಾನಣ್ಣ?" ಎಂದು ಸೋಮಿ ಒಂದು ಹಿಡಿ ನೀಡಿದಳು. ಅದು ಕಣ್ಣು ಮುಚ್ಚಿ ನೆಕ್ಕಿತು. ಆಮೇಲೆ ಕೊರಳು ಬಗ್ಗಿಸಿತು. "ಚೀಲ ಬಿಚ್ಚಿಕೋ. ನನ್ನ ಬೆನ್ನೇರು, ನಡೆದರೆ ತಡವಾದೀತು."

ಮರಳುಗಾಡೆಲ್ಲ ಕೆಸರು. ಒಂಟೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿಕೊಂಡು ಬಿದ್ದಿತ್ತು.

"ಹತ್ತಿರ ಬಂದರೆ ಮುಖಕ್ಕೆ ಉಗಿಯುತ್ತೇನೆ."

"ಉಗಿಯಕ್ಕ, ಮೊದಲು ಎದ್ದು ನಿಲ್ಲು. ನಿನಗೆ ಉಪ್ಪು ಸಿಕ್ಕಿತಾ?"

"ಎರಡು ಅಮಾವಾಸ್ಯೆ ಕಳೆಯಿತು ಕಣೇ. ಜಾರಿ ಬಿದ್ದದ್ದೇ ಬಂತು."

ಎರಡನೆಯ ಹಿಡಿಯೂ ಖಾಲಿಯಾಯಿತು. ಎರಡನೆಯ ಚೀಲ ಕೈಸೇರಿತು. ಒಂಟೆಯೂ ಜೊತೆಗೆ ಹೊರಟಿತು.

ಕಾಡಿಗೆ ಬಂದಾಗ ಹದಿನೇಳನೆಯ ದಿನ. ಮಳೆಯಿಲ್ಲದೆ ತೊರೆ ಬತ್ತಿತ್ತು. ಮುದಿ ಆನೆ ದಾರಿಗೆ ಅಡ್ಡ ನಿಂತಿತ್ತು.

"ಹತ್ತಿರ ಬಂದರೆ ತುಳಿಯುತ್ತೇನೆ."

"ತುಳಿಯಜ್ಜ. ಇದ್ದ ಉಪ್ಪು ಇವರಿಬ್ಬರಿಗೇ ಮುಗಿಯಿತು, ನಿನಗೆ ಕೊಡಲು ನನ್ನಲ್ಲಿ ಇಲ್ಲ."

ಆನೆ ಬುಟ್ಟಿ ಮೂಸಿತು. ಬರಿದು. ಸೊಂಡಿಲು ಮೆಲ್ಲಗೆ ಮೇಲೇರಿ ಅವಳ ತಲೆಯ ಸಿಂಬೆಯ ಮೇಲೆ ನಿಂತಿತು. ಮೂವತ್ತೆರಡು ವರ್ಷ ಉಪ್ಪಿನ ಬುಟ್ಟಿ ಹೊತ್ತ ಸಿಂಬೆ, ನೂಲುನೂಲಿಗೂ ಉಪ್ಪು ಕುಡಿದಿತ್ತು. ಅಜ್ಜಿಯ ನೆನಪಿಗೆ ಸೋಮಿಯ ಬಳಿ ಉಳಿದದ್ದು ಅದೊಂದೇ. ಒಂದು ಗಳಿಗೆ ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಳು. ಆಮೇಲೆ ಕೊಟ್ಟುಬಿಟ್ಟಳು. ಆನೆ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಚಪ್ಪರಿಸಿತು.

"ಒಳ್ಳೆಯ ಕೈಯವರ ಉಪ್ಪು. ಚೀಲ ಬಿಚ್ಚಿಕೋ, ನಡಿ" ಎಂದಿತು.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ನಾಲ್ವರೂ ಅರಮನೆಯ ಅಂಗಳಕ್ಕೆ ನುಗ್ಗಿದರು. ಬೊಮ್ಮಯ್ಯ ಕರಗಿ ಕರಗಿ ಕಡ್ಡಿಯಾಗಿದ್ದ. ಮೂರು ಮೃಗಗಳೂ ಅವನನ್ನೇ ನೋಡಿದವು.

"ಇದೂ ಉಪ್ಪಾ?" ಎಂದಿತು ಆನೆ.

"ಅವರು ನಮ್ಮಪ್ಪ."

"ಸುಮ್ಮನೆ ಕೇಳಿದೆ."

ಸೋಮಿ ಬಿಸಿಲಿನ ಚೀಲ ಬಿಚ್ಚಿದಳು. ಚಳಿಯ ಚೀಲ ಬಿಚ್ಚಿದಳು. ಅಂಗಳದ ಒಂದು ಕಡೆ ನೆಲ ಕಾದು ಸಿಡಿಯಿತು, ಇನ್ನೊಂದು ಕಡೆ ಕಂಬಗಳಿಗೆ ಮಂಜುಗಡ್ಡೆ ಕಟ್ಟಿತು. ನಡುವೆ ನಿಂತ ಸಮಸಿದ್ಧನ ಚಿಟಿಕೆಗೆ ಸದ್ದೇ ಹೊರಡಲಿಲ್ಲ. ಆದರೂ ಅವನು ನಕ್ಕ.

"ಮಳೆಯನ್ನೂ ಬಿಚ್ಚು. ಬಿಚ್ಚದಿದ್ದರೆ ಮಾಟ ಮುರಿಯದು. ಬಿಚ್ಚಿದರೆ ನಿನ್ನಪ್ಪ ಪಾಯಸದ ಸಕ್ಕರೆಯಂತೆ ಕರಗುತ್ತಾನೆ."

ಸೋಮಿಯ ಕೈ ಗಂಟಿನ ಮೇಲೆ ನಿಂತುಹೋಯಿತು.

ಆಗ ಆನೆ ಮುಂದೆ ಬಂದು ಬೊಮ್ಮಯ್ಯನನ್ನು ತನ್ನ ಹೊಟ್ಟೆಯ ಕೆಳಗೆ ಮಾಡಿಕೊಂಡಿತು. ಚಮರೀಮೃಗ ಒಂದು ಬದಿಗೆ ಒತ್ತಿ ನಿಂತು ಉದ್ದ ಕೂದಲು ಹರಡಿತು. ಇನ್ನೊಂದು ಬದಿಗೆ ಒಂಟೆ ಕುಕ್ಕರಿಸಿತು. ಉಪ್ಪಿಗಾಗಿ ಬಾಯಿಬಿಡುತ್ತಿದ್ದ ಮೂವರ ನಡುವೆ ಒಬ್ಬ ಉಪ್ಪಿನ ಮನುಷ್ಯ.

"ಬಿಚ್ಚು ಮಗಳೇ" ಎಂದಿತು ಆನೆ.

ಬಿಚ್ಚಿದಳು. ಬಿಸಿ, ಚಳಿ, ಮಳೆ ಮೂರೂ ಸೇರಿ ಸುಂಟರಗಾಳಿ ಎದ್ದಿತು. ಸಮಸಿದ್ಧನನ್ನು ತರಗೆಲೆಯಂತೆ ಎತ್ತಿ ಏಳು ಕಡಲಿನಾಚೆ ಒಗೆಯಿತು. ಆಮೇಲೆ ಚಳಿ ಉತ್ತರಕ್ಕೆ ಹೋಯಿತು, ಮಳೆ ಮೂಡಣಕ್ಕೆ, ಬಿಸಿಲು ಅರ್ಧ ಮರಳುಗಾಡಿಗೆ, ಅರ್ಧ ಕಡಲತೀರಕ್ಕೆ. ಆನೆಯ ಹೊಟ್ಟೆಯಡಿಯಿಂದ ಒಂದು ದನಿ ಬಂತು: "ಇದೇನಿದು, ಇಷ್ಟು ಕತ್ತಲೆ?"

ಸೋಮಿ ಅಪ್ಪನನ್ನು ಅಪ್ಪಿಕೊಂಡು ಅತ್ತಳು, ನಕ್ಕಳು.

ಅಲ್ಲಿಂದ ಮುಂದೆ ರಾಜ ಕಂಬಳಿಯನ್ನೂ ಕೊಡೆಯನ್ನೂ ಹೊತ್ತುಕೊಂಡೇ ರಾಜ್ಯ ಸುತ್ತಿದ. ಪ್ರತಿ ವರ್ಷ ಮೊದಲ ಉಪ್ಪಿನಲ್ಲಿ ಮೂರು ಬುಟ್ಟಿ ಪರ್ವತಕ್ಕೆ, ಮರಳುಗಾಡಿಗೆ, ಕಾಡಿಗೆ ಹೋಯಿತು. ಅವರವರ ಹವೆಯಲ್ಲಿ ಅವರವರು ನೂರು ವರ್ಷ ಸುಖವಾಗಿ ಬಾಳಿದರು.

ಬೊಮ್ಮಯ್ಯನ ಎಡಗೈ ಕಿರುಬೆರಳಿನ ತುದಿ ಮಾತ್ರ ಹೋಗಿತ್ತು. ತೇವಕ್ಕೆ ಕರಗಿತು ಎಂದಳು ಸೋಮಿ. ಆನೆ ಹೌದೆಂದಿತು, ಚಮರೀಮೃಗವೂ ಹೌದೆಂದಿತು. ಒಂಟೆ ತುಟಿ ಒರೆಸಿಕೊಂಡು ಆಕಾಶ ನೋಡಿತು.