ಐದು ನಿಮಿಷದ ದೂರ

"ನೀರು ಬಂದ್ರೆ ಅಮ್ಮನ್ನ ಎತ್ಕೊಂಡು ಹೋಗೋರು ಯಾರು?"

ಪ್ರವಾಹದ ತಯಾರಿಗೆಂದು ನದಿಯಂಚಿನ ಗಲ್ಲಿಗೆ ಬಂದಿದ್ದ ಸರ್ವೇಯವನು ಪಟ್ಟಿ ಹಿಡಿದು ಕೇಳಿದ. ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಲೇ ಇಲ್ಲ. ನಡೆಯಲಾರದ ತಾಯಿಯನ್ನು ಎಂಟು ವರ್ಷ ಒಬ್ಬಳೇ ನೋಡಿಕೊಂಡವಳು. ಯಾರ ಮುಂದೆಯೂ ಕೈಯೊಡ್ಡಿದವಳಲ್ಲ.

"ನಾನೇ."

"ಒಬ್ರೇನಾ? ದಿಬ್ಬದ ಮೇಲಿನ ಶಾಲೆವರೆಗೂ?"

"ಯಾಕೆ, ನನ್ನ ತೋಳಿನ ಮೇಲೆ ಅನುಮಾನವಾ?"

ಅವನು ತೋಳು ನೋಡಿದ. ನೋಡಿದ್ದಕ್ಕೆ ಕಿವಿ ಕೆಂಪಾಗಿ ಪಟ್ಟಿಯೊಳಗೆ ಮುಖ ಹುದುಗಿಸಿದ. ಅವಳು ನಗು ತಡೆಯಲು ದಾರ ಕಚ್ಚಿದಳು.

ಆಮೇಲೆ ಗೋಡೆಗೆ ನೀರಿನ ಮಟ್ಟದ ಗೆರೆ ಎಳೆಯಲು ಬಂದ. ಮರುದಿನ ಅದು ಒಣಗಿತೇ ಎಂದು ನೋಡಲು ಬಂದ.

"ಬಣ್ಣ ಒಣಗೋಕೂ ನಿಮ್ಮ ಅಪ್ಪಣೆ ಬೇಕೇನ್ರೀ?"

"ಹಾಗಲ್ಲ... ಕೆಲವು ಬಣ್ಣ ನಿಧಾನ."

ಕೋಣೆಯೊಳಗೆ ತಾಯಿ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಕೀಟಲೆಯ ಕೆಮ್ಮು.

ಪ್ರವಾಹದ ತಾಲೀಮಿನ ದಿನ ಬೆಳಿಗ್ಗೆ ಸೈರನ್ ಕೂಗಿತು. ತಾಯಿಯನ್ನು ಬೆನ್ನಿಗೇರಿಸಿಕೊಂಡ ಟೈಲರಮ್ಮನಿಗೆ ಶಾಲೆಗೆ ಹತ್ತುವ ಮೂರನೇ ಮೆಟ್ಟಿಲಲ್ಲೇ ಮೊಣಕಾಲು ಕೈಕೊಟ್ಟಿತು. ನಿಜವಾಗಿ ನೀರು ಬಂದಿದ್ದರೆ? ಅಷ್ಟರಲ್ಲಿ ಅವನು ಏದುಸಿರು ಬಿಡುತ್ತ ಓಡಿಬಂದು ಬೆನ್ನು ಬಾಗಿಸಿದ. ಹೊರಡುವ ಮುನ್ನ ತನ್ನ ಮಫ್ಲರ್ ಬಿಚ್ಚಿ ಅಮ್ಮನ ಬರಿಗಾಲಿಗೆ ಸುತ್ತಿದ. ಅವಳು ಅದನ್ನು ನೋಡುತ್ತ ಹಿಂದೆ ನಡೆದಳು.

ಶಾಲೆಯ ಗೇಟಿನಲ್ಲಿ ನರ್ಸಮ್ಮ ಪಟ್ಟಿ ಓದುತ್ತಿದ್ದರು.

"ಟೈಲರಮ್ಮನ ಮನೆ. ಎತ್ಕೊಂಡು ಬರೋರು... ಅಯ್ಯೋ, ಇದು ನಿನ್ನ ಹೆಸರಲ್ವೇನಪ್ಪಾ! ಐದು ನಿಮಿಷದ ದೂರದಲ್ಲಿ ಇರೋರೇ ಆಗ್ಬೇಕು ಅಂತ ರೂಲ್ ಮಾಡಿದ್ದು ನೀನೇ. ನಿನ್ನ ಮನೆ ಸೇತುವೆಯ ಆಚೆ. ನೀರು ಬಂದ್ರೆ ಮೊದಲು ಮುಚ್ಚೋದೇ ಆ ಸೇತುವೆ. ಈ ಹೆಸರು ಹೊಡೆದು ಹಾಕ್ತೀನಿ."

"ಬೇಡ!"

ಅಂದದ್ದು ಟೈಲರಮ್ಮ. ತನ್ನ ದನಿ ತನಗೇ ಹೊಸದೆನಿಸಿತು. "ಬೇಡ ನರ್ಸಮ್ಮ. ಆ ಹೆಸರು ಇರ್ಲಿ."

ಅವನು ಮೆಲ್ಲಗೆ ಹೇಳಿದ, "ನಿಮ್ಮ ಗಲ್ಲೀಲಿ ಬಾಡಿಗೆ ರೂಮ್ ಹುಡುಕ್ತಿದೀನಿ."

"ಯಾವಾಗಿಂದ?"

"ಬಣ್ಣ ಒಣಗಿದ ದಿನದಿಂದ."

ಅವನ ಬೆನ್ನ ಮೇಲಿಂದಲೇ ತಾಯಿ ಬಾಯಿ ಹಾಕಿದರು. "ರೂಮ್ ಯಾಕಪ್ಪಾ? ನಮ್ಮನೇಲೇ ಇದ್ರೆ ಐದು ನಿಮಿಷಾನೂ ಬೇಕಾಗಲ್ಲ."

"ಅಮ್ಮಾ!"

ನರ್ಸಮ್ಮ ನಗುತ್ತ ಪೆನ್ನು ಕೆಳಗಿಟ್ಟರು. ಅವನ ಕಿವಿ ಮತ್ತೆ ಕೆಂಪಾಗಿತ್ತು. ಈ ಸಲ ಮುಖ ಹುದುಗಿಸಲು ಪಟ್ಟಿ ಕೈಯಲ್ಲಿರಲಿಲ್ಲ. ಅವನು ಅವಳನ್ನೇ ನೋಡುತ್ತ ಉತ್ತರಕ್ಕೆ ಕಾದ.

ಟೈಲರಮ್ಮ ಪೆನ್ನು ತೆಗೆದುಕೊಂಡು ಅವನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಬರೆದಳು.

"ಒಬ್ರಿಂದ ಆಗೋ ಕೆಲಸ ಅಲ್ಲ ಇದು" ಎಂದಳು.