ಸೂಜಿ ಏರುವವರೆಗೆ

“ಇದರಲ್ಲಿ ಬಂಗುಡೆ ಮೀನು ಹುರಿಯಬಹುದಾ?”

ಹರ್ಷಿಣಿ ಹಿಡಿದಿದ್ದ ಬಾಟಲಿಗೆ ಮೂಗು ತಂದು ಧನರಾಜ್ ಕೇಳಿದ ಮೊದಲ ಮಾತೇ ಅದು. ಮಣಿಪಾಲದ ಲ್ಯಾಬಿನಿಂದ ಅವಳು ಪ್ರಯೋಗಕ್ಕೊಂದು ದೋಣಿ ಹುಡುಕುತ್ತ ಉದ್ಯಾವರದ ಹೊಳೆದಂಡೆಗೆ ಬಂದಿದ್ದಳು. ಉಳಿದ ದೋಣಿಯವರೆಲ್ಲ ಆಗುವುದಿಲ್ಲವೆಂದು ಮುಖ ತಿರುಗಿಸಿದ್ದರು. ಇವನು ಮಾತ್ರ ಕಣ್ಣಲ್ಲೇ ನಗುತ್ತ ಪೂರ್ತಿ ಕೇಳಿಸಿಕೊಂಡ.

ಈ ಎಣ್ಣೆ ಉರಿಸುವುದಕ್ಕಲ್ಲ, ಹೊರುವುದಕ್ಕೆ ಎಂದು ಅವಳು ವಿವರಿಸಿದಳು. ಇದರೊಳಗೆ ಹೈಡ್ರೋಜನ್ ಅಡಗಿ ಕೂತಿರುತ್ತದೆ. ಸಿಲಿಂಡರಿನ ಭಯವಿಲ್ಲದೆ ಕ್ಯಾನಿನಲ್ಲಿ ಸಾಗಿಸಬಹುದು. ಚೆನ್ನಾಗಿ ಬಿಸಿ ಮಾಡಿದರೆ ಎಣ್ಣೆ ಅದನ್ನು ಬಿಟ್ಟುಕೊಡುತ್ತದೆ. ಅದರಿಂದ ಕರೆಂಟು, ಕರೆಂಟಿನಿಂದ ಮೋಟಾರು. ಬರಿದಾದ ಎಣ್ಣೆಗೆ ಲ್ಯಾಬಿನಲ್ಲಿ ಮತ್ತೆ ಹೈಡ್ರೋಜನ್ ತುಂಬಿಸಬಹುದು.

“ಬಿಸಿಯಾಗಲಿಕ್ಕೆ ಹೊತ್ತು ಹಿಡಿಯುತ್ತದೆ. ತಾಳ್ಮೆ ಬೇಕು,” ಎಂದಳು.

“ತಾಳ್ಮೆ ಬೇಕಾದಷ್ಟು ಉಂಟು. ನೀವು ದಿನಾ ಬರುವುದಾದರೆ.”

ಅವಳು ದಿನಾ ಬಂದಳು. ಪ್ರೀತಿಗೆ ಬಿದ್ದವರಿಗೆ ಪುರುಸೊತ್ತು ಎಲ್ಲಿಂದ ಸಿಗುತ್ತದೋ ದೇವರಿಗೇ ಗೊತ್ತು. ದೋಣಿಯ ಹಳೆಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ಅವಳ ಮೋಟಾರು ಬಂದು ಕೂತಿತು.

ಕಾಪುವಿನ ಮೀನುಗಾರರ ಮನೆಯ ಹುಡುಗಿ ಅವಳು. ಡೀಸೆಲ್ ಹೊಗೆಯೇ ಅಪ್ಪನ ಎದೆಯನ್ನು ತಿಂದದ್ದೆಂದು ಅವಳ ನಂಬಿಕೆ. ಒಂದು ಸಂಜೆ ಅದನ್ನು ಹೇಳಿದಾಗ ಧನರಾಜ್ ಕೆಲಸ ಬಿಟ್ಟು ಹತ್ತಿರ ಬಂದ. ಗ್ರೀಸ್ ಮೆತ್ತಿದ ಬೆರಳಿನಿಂದ ಅವಳ ಮೂಗಿನ ತುದಿಯನ್ನು ಮೆಲ್ಲಗೆ ಮುಟ್ಟಿದ. ಅವಳು ಒರೆಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಎಲ್ಲರೂ ನೋಡುತ್ತಿದ್ದರೂ ಹಾಗೇ ಮನೆಗೆ ಹೋದಳು.

“ದೋಣಿ ಓಡಿದ ದಿನ ನಿಮ್ಮ ಮನೆಗೆ ಬಂದು ಹೆಣ್ಣು ಕೇಳುತ್ತೇನೆ,” ಎಂದಿದ್ದ ಅವನು.

“ಅಲ್ಲಿಯವರೆಗೆ?”

“ಅಲ್ಲಿಯವರೆಗೆ ಕಣ್ಣು ಹೊಡೆಯುವುದು.”

ಆ ದಿನ ಬಂತು. ಕೆಲಸಕ್ಕೆ ಬೆಂಬಲ ಕೊಡಬೇಕಾದ ಕಂಪನಿಯವರು ದಂಡೆಯ ಮೇಲೆ ಕುರ್ಚಿ ಹಾಕಿ ಕೂತರು. ಅವರು ಒಪ್ಪಿದರೆ ಪ್ರಯೋಗ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲಿಗೇ ಮುಗಿಯಿತು. ದೋಣಿಯಲ್ಲಿದ್ದದ್ದು ಇವರಿಬ್ಬರೇ. ಎಣ್ಣೆ ಬಿಸಿಯಾಗುತ್ತಿತ್ತು, ಆದರೆ ಹೈಡ್ರೋಜನ್ ತೋರಿಸುವ ಮೀಟರಿನ ಸೂಜಿ ಕದಲಲಿಲ್ಲ. ದಂಡೆಯಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ನಕ್ಕರು. ಬರುತ್ತದೆ, ಇನ್ನು ಸ್ವಲ್ಪ ಎನ್ನುತ್ತ ಹರ್ಷಿಣಿ ಬಗ್ಗಿ ಪೈಪುಗಳನ್ನು ತಡವಿದಳು.

ದೋಣಿ ಹೊರಟಿತು.

ದಂಡೆಯಲ್ಲಿ ಚಪ್ಪಾಳೆ ಬಿತ್ತು. ಮರಳಿ ಬರುತ್ತಿದ್ದ ದೋಣಿಗಳ ಗದ್ದಲದಲ್ಲಿ ಅವಳ ಕಿವಿಗೂ ಏನೂ ತಿಳಿಯಲಿಲ್ಲ. ತಿಳಿದದ್ದು ಅಂಗಾಲಿಗೆ. ಬರಿಗಾಲಿನ ಕೆಳಗೆ ಹಲಗೆ ನಡುಗುತ್ತಿತ್ತು. ಅಪ್ಪನ ದೋಣಿಯಲ್ಲಿ ಚಿಕ್ಕಂದಿನಿಂದ ಬಲ್ಲ ನಡುಕ, ಡೀಸೆಲ್ಲಿನದು. ಅವಳು ತಲೆಯೆತ್ತಿದರೆ ಚುಕ್ಕಾಣಿ ಹಿಡಿದಿದ್ದ ಧನರಾಜ್ ಕಣ್ಣು ಹೊಡೆದ.

ಎಂಜಿನ್ನಿಗೆ ಗೋಣಿ ಹೊದಿಸಲಾಗಿತ್ತು. ಹೊಗೆ ಕೊಳವೆಗೆ ಹೊಸ ರಬ್ಬರ್ ಪೈಪು ಬಿಗಿದು ತುದಿಯನ್ನು ನೀರಿನೊಳಗೆ ಇಳಿಸಲಾಗಿತ್ತು.

“ಈ ಪೈಪು ಯಾವಾಗ ತಂದದ್ದು?”

“ಮೊನ್ನೆ. ಸಂತೆಕಟ್ಟೆಯಿಂದ.”

“ಮೊನ್ನೆ ಎಲ್ಲ ಸರಿ ಇತ್ತಲ್ಲ.”

“ಅವರೆದುರು ನೀನು ತಲೆ ತಗ್ಗಿಸುವುದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ. ಅಷ್ಟು ಪ್ರೀತಿ ಉಂಟು, ಅದಕ್ಕೇ.”

“ಪ್ರೀತಿ ಉಂಟು. ನಾನು ಸೋಲುತ್ತೇನೆಂದು ಮೊನ್ನೆಯೇ ಗೊತ್ತೂ ಇತ್ತು, ಅಲ್ವಾ?”

ಅಷ್ಟರಲ್ಲೇ ಸೂಜಿ ಏರಿತು. ಯಾವ ಗಡಿಬಿಡಿಯೂ ಇಲ್ಲದೆ, ಬೇಕಾದ ಗುರುತನ್ನು ದಾಟಿ ನಿಂತಿತು. ಇಬ್ಬರೂ ನೋಡಿದರು. ಅವನ ಮುಖ ಅರಳಿತು.

“ಬಂತಲ್ಲ. ಡೀಸೆಲ್ ನಿಲ್ಲಿಸಿ ಇದಕ್ಕೆ ಬದಲಿಸಿಬಿಡುವ. ಯಾರಿಗೂ ಗೊತ್ತಾಗಲಿಕ್ಕಿಲ್ಲ.”

ಹರ್ಷಿಣಿಯ ಕೈ ಸ್ವಿಚ್ಚಿನವರೆಗೂ ಹೋಯಿತು. ಒತ್ತಿದ್ದರೆ ಎಲ್ಲವೂ ಸಿಗುತ್ತಿತ್ತು. ಕೆಲಸ, ಹೆಸರು, ಇವನು. ಆದರೆ ಇನ್ನು ಬಾಳಿಡೀ, ತಾನು ಏನು ಮಾಡಿದರೂ ಅದರಡಿಯಲ್ಲಿ ಇವನೊಂದು ಡೀಸೆಲ್ ಎಂಜಿನ್ ಇಟ್ಟಿರುತ್ತಾನೆ ಎಂದು ಅವಳಿಗೆ ಅನ್ನಿಸಿತು. ಕೈ ಹಿಂದೆ ಬಂತು. ದೋಣಿಯನ್ನು ದಂಡೆಗೆ ತಿರುಗಿಸಲು ಹೇಳಿದಳು.

ಕಂಪನಿಯವರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಈಗ ಹೈಡ್ರೋಜನ್ ಬರುತ್ತಿದೆ, ಒಮ್ಮೆ ಬಂದು ನೋಡಿ ಎಂದು ಬೇಡಿಕೊಂಡಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಏನೇನು ಅಡಗಿಸಿಟ್ಟಿದ್ದೀರಿ ಎಂದು ಒಬ್ಬರು ಕೇಳಿದರು. ಸೂಜಿ ನೋಡಲು ಯಾರೂ ಏಳಲಿಲ್ಲ. ಕಾರುಗಳು ಹೋದವು.

ಸಂಜೆ ಎಣ್ಣೆಯ ಕ್ಯಾನು ಹಿಡಿದು ಅವಳು ಹೆದ್ದಾರಿಗೆ ನಡೆದಳು. ಧನರಾಜ್ ಓಡಿಬಂದು, ಭಾರ ಉಂಟು ಕೊಡು ಎನ್ನುತ್ತ ಕ್ಯಾನಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನ ಬೆರಳುಗಳು ಅವಳ ಮಣಿಕಟ್ಟಿನ ಮೇಲೆ ಉಳಿದವು.

“ನಾನು ಮನೆಗೆ ಬರುವುದಾ, ಹರ್ಷಿಣಿ?”

ಅವಳು ಅವನ ಮುಖ ನೋಡಿದಳು. ಎಷ್ಟು ಸಿಟ್ಟಿದ್ದರೂ ಆ ಮುಖ ಅವಳಿಗೆ ಬೇಕಾಗಿತ್ತು.

“ಸ್ವಲ್ಪ ಹೊತ್ತು ಕಾದಿದ್ದರೆ ನಾನೇ ಕರೆಯುತ್ತಿದ್ದೆ,” ಎಂದಳು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಮೇಲೆ ಮಣಿಕಟ್ಟಿನಲ್ಲಿ ಗ್ರೀಸಿನ ಕಲೆ ಕಂಡಿತು. ಕಾಪು ಬರುವವರೆಗೂ ಅವಳು ಅಳುತ್ತ, ಶಾಲಿನ ಅಂಚಿನಿಂದ ಅದನ್ನು ಉಜ್ಜಿ ಉಜ್ಜಿ ಒರೆಸಿದಳು.